ಹಳೇ ಟಿವಿ ಆಟಕ್ಕೆ ಮತ್ತೆ ಜೀವ: ತಕರಾರಿಲ್ಲದ ಸುತ್ತು ಕಟ್ಟುವ ಬಗೆ

ಹುಬ್ಬಳ್ಳಿ-ಧಾರವಾಡದ ಕೇಬಲ್ ವಾಹಿನಿ ಇರಲಿ, ಗದಗಿನ ಕಾಲೇಜು ಇರಲಿ, ಹಾವೇರಿಯ ಗಣೇಶ ಮಂಡಳಿ ಇರಲಿ, ಹಳೆಯ ಟಿವಿ ಗೇಮ್ ಷೋ ಒಂದನ್ನು ಮತ್ತೆ ಆಡಿಸೋಣ ಎಂದು ಹೊರಟವರು ಮೊದಲು ಸೆಟ್ಟಿನ ಬಣ್ಣ, ನಿರೂಪಕರ ಜಾಕೀಟು, ಶೀರ್ಷಿಕೆ ಸಂಗೀತದ ಮಾತಾಡುತ್ತಾರೆ. ಕೆಡುವುದು ಅಲ್ಲಲ್ಲ. ಆ ಕಾಲದಲ್ಲಿ ಕಂತು ಒಮ್ಮೆ ಹೋದರೆ ಹೋಯಿತು, ಅಂಪೈರ್ ಹೇಳಿದ್ದೇ ಖರೆ. ಈಗ ನೋಡುವವರ ಕೈಯಲ್ಲಿ ಫೋನ್ ಇದೆ, ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಆಡಲು ಬರುವವರೂ ಹಳೆಯ ಕಂತುಗಳನ್ನೆಲ್ಲ ನೋಡಿ, ಯಾವ ಅಡಚಣೆಯನ್ನು ಹೇಗೆ ದಾಟಬೇಕೆಂದು ಮನೆಯಲ್ಲೇ ತಾಲೀಮು ಮಾಡಿ ಬರುತ್ತಾರೆ.

ಸೋತವರು ತಾವು ಸೋತ ಜಾಗವನ್ನು ತಾವೇ ಬೆರಳಿಟ್ಟು ತೋರಿಸುವಂತಿರಬೇಕು. "ಇಲ್ಲಿ ಕಾಲು ಜಾರಿತು", "ಇದು ನನಗೆ ಗೊತ್ತಿರಲಿಲ್ಲ" ಎಂದರೆ ಸುತ್ತು ಚೆನ್ನಾಗಿದೆ. "ಅವರು ಆಮೇಲೆ ಆಡಿದರು, ಅದಕ್ಕೇ ಗೆದ್ದರು" ಎಂದರೆ ತಪ್ಪು ನಿಮ್ಮದು. ಕೆಳಗಿನ ಹೆಜ್ಜೆಗಳು ನಾಲ್ವರು ಸ್ಪರ್ಧಿಗಳು, ನಾಲ್ಕು ಸುತ್ತು, ಒಂದು ಅಂತಿಮ ಓಟ, ಒಂದೇ ದಿನದ ಚಿತ್ರೀಕರಣ ಎಂಬ ಲೆಕ್ಕದಲ್ಲಿವೆ.

ಹೆಜ್ಜೆ 1: ಹಳೆಯ ಕಂತು ನೋಡಿ, ಕೈಯಲ್ಲಿ ಹಾಳಿ ಹಿಡಿದು

ಕನಿಷ್ಠ 10 ಕಂತು ನೋಡಿ. ಪ್ರತಿ ಸುತ್ತಿಗೂ ಯಾರು ಎಷ್ಟನೆಯವರಾಗಿ ಆಡಿದರು, ಯಾರು ಗೆದ್ದರು, ಅಂತಿಮ ಸುತ್ತಿಗೆ ಮೊದಲು ಯಾರು ಮುಂದಿದ್ದರು, ಕೊನೆಗೆ ಯಾರು ಗೆದ್ದರು ಎಂದು ಬರೆದುಕೊಳ್ಳಿ. 10 ಕಂತಿಗೆ ನಾಲ್ಕು ಸುತ್ತಿನಂತೆ 40 ಸುತ್ತಾಯಿತು. ಸರದಿಯಿಂದ ಲಾಭವಿಲ್ಲ ಎಂದಾದರೆ ಒಂದೊಂದು ಸ್ಥಾನಕ್ಕೆ ಹತ್ತರ ಆಸುಪಾಸು ಗೆಲುವು ಬರಬೇಕು. ಏಳೋ ಹದಿಮೂರೋ ಬಂದರೆ ಚಿಂತೆಯಿಲ್ಲ. ಕೊನೆಗೆ ಆಡಿದವರೇ 18 ಸಲ ಗೆದ್ದಿದ್ದರೆ ಅದು ಆಕಸ್ಮಿಕವಲ್ಲ. ಹಳೆಯ ಆಟದಲ್ಲೇ ಆ ಓರೆ ಇತ್ತು, ಆಗ ಯಾರೂ ಎಣಿಸಲಿಲ್ಲ ಅಷ್ಟೇ.

ಎರಡನೆಯ ಲೆಕ್ಕ ಇನ್ನೂ ಮುಖ್ಯ. ಮೊದಲ ನಾಲ್ಕು ಸುತ್ತಿನಲ್ಲಿ ಗಳಿಸಿದ್ದು ಅಂತಿಮದಲ್ಲಿ ಎಷ್ಟು ಬೆಲೆ ಬಾಳುತ್ತದೆ? ಬ್ರಿಟನ್ನಿನ ಗ್ಲಾಡಿಯೇಟರ್ಸ್ 1992ರಲ್ಲಿ ಶುರುವಾಗಿ 2000ಕ್ಕೆ ನಿಂತು, 2008ರಲ್ಲಿ ಒಮ್ಮೆ, 2024ರಲ್ಲಿ ಬಿಬಿಸಿಯಲ್ಲಿ ಮತ್ತೊಮ್ಮೆ ಎದ್ದು ಬಂದ ಆಟ. ಅದರ ಅಂತಿಮ ಅಡಚಣೆ ಓಟದಲ್ಲಿ ಮುಂದಿರುವವರಿಗೆ ಪ್ರತಿ ಅಂಕದ ಅಂತರಕ್ಕೆ ಅರ್ಧ ಸೆಕೆಂಡ್ ಮುಂಚಿನ ಆರಂಭ ಸಿಗುತ್ತದೆ. 1990ರಲ್ಲಿ ಶುರುವಾದ ಬ್ರಿಟನ್ನಿನ ಇನ್ನೊಂದು ಷೋ ಕ್ರಿಸ್ಟಲ್ ಮೇಜ್ 2017ರಲ್ಲಿ ಸರಣಿಯಾಗಿ ಟಿವಿಗೆ ಮರಳಿತು. ಅಲ್ಲಿ ಗೆದ್ದ ಒಂದೊಂದು ಹರಳಿಗೆ ಅಂತಿಮ ಗುಮ್ಮಟದಲ್ಲಿ 5 ಸೆಕೆಂಡ್. ಎರಡೂ ಕಡೆ ಗಳಿಕೆ ಸಮಯವಾಗಿ ಬದಲಾಗುತ್ತದೆ. ಮುಂದಿದ್ದವರ ಶ್ರಮ ಹಾಳಾಗುವುದಿಲ್ಲ, ಹಿಂದಿದ್ದವರ ಬಾಗಿಲೂ ಮುಚ್ಚುವುದಿಲ್ಲ.

ನಮ್ಮ ಕಡೆ ಹೆಚ್ಚಾಗಿ ಆಗುವುದು "ಕೊನೇ ಸುತ್ತಿಗೆ ಡಬಲ್, ಇಲ್ಲಾ ನಾಲ್ಕು ಪಟ್ಟು" ಎಂಬ ಘೋಷಣೆ. ಮೊದಲ ನಾಲ್ಕು ಸುತ್ತಿಗೆ ಹತ್ತತ್ತು ಅಂಕ ಇಟ್ಟು ಕೊನೆಯದಕ್ಕೆ 40 ಇಟ್ಟರೆ, ಅಲ್ಲಿಯವರೆಗೆ ಬೆವರು ಸುರಿಸಿದ್ದು ಬರೀ ಮೆರವಣಿಗೆ.

ಮುಂಚಿನ ಆರಂಭ ಎಷ್ಟಿರಬೇಕು ಎಂಬುದಕ್ಕೆ ಒಂದು ಸರಳ ಲೆಕ್ಕ. ಅಂತಿಮ ಓಟವನ್ನು ಎಂಟು ಮಂದಿಯಿಂದ ಓಡಿಸಿ ನೋಡಿ. ವೇಗದವರು 72 ಸೆಕೆಂಡ್, ನಿಧಾನದವರು 104 ಸೆಕೆಂಡ್ ತೆಗೆದುಕೊಂಡರೆ ಅಂತರ 32. ಅದರ ಮೂರನೇ ಒಂದು ಭಾಗ, ಅಂದರೆ ಹತ್ತು ಸೆಕೆಂಡಿನ ಆಚೀಚೆ, ಕೊಡಬಹುದಾದ ಅತಿ ಹೆಚ್ಚಿನ ಮುಂಚಿನ ಆರಂಭ. ನಿಮ್ಮ ಅಂಕಪದ್ಧತಿಯಲ್ಲಿ ಸಾಮಾನ್ಯವಾಗಿ ಬೀಳುವ ದೊಡ್ಡ ಅಂತರ 20 ಇದ್ದರೆ ಅಂಕಕ್ಕೆ ಅರ್ಧ ಸೆಕೆಂಡ್ ಸರಿಹೋಗುತ್ತದೆ. ಅಂತರ 50 ಬೀಳುವ ಆಟಕ್ಕೆ ಅದೇ ಅರ್ಧ ಸೆಕೆಂಡ್ ಇಟ್ಟರೆ 25 ಸೆಕೆಂಡ್ ಆಗುತ್ತದೆ, ಓಟ ನೋಡುವ ಅಗತ್ಯವೇ ಉಳಿಯುವುದಿಲ್ಲ. ಇನ್ನೊಬ್ಬರ ಷೋದಿಂದ ಅಂಕಿಯನ್ನು ಎತ್ತಿಕೊಂಡು ಬರಬೇಡಿ, ಲೆಕ್ಕದ ದಾರಿಯನ್ನು ತನ್ನಿ.

ಹೆಜ್ಜೆ 2: ಸರದಿ

ಪ್ರತಿ ಸುತ್ತಿಗೂ ಚೀಟಿ ಎತ್ತಿದರೆ ನ್ಯಾಯ ಎಂದು ಬಹಳ ಮಂದಿ ನಂಬಿದ್ದಾರೆ. ಚೀಟಿಯಲ್ಲಿ ಒಬ್ಬರೇ ಮೂರು ಸಲ ಮೊದಲು ಬರಬಹುದು, ಬರುತ್ತದೆ ಕೂಡ. ಚೀಟಿ ಎತ್ತುವುದು ಒಮ್ಮೆ ಸಾಕು, ಅದೂ ಅಂಗಿಯ ಬಣ್ಣಕ್ಕೆ. ಆಮೇಲೆ ಈ ಪಟ್ಟಿಯಂತೆ ನಡೆಯಿರಿ:

ಮೊದಲ ಸುತ್ತು: ಕೆಂಪು, ಹಳದಿ, ಬಿಳಿ, ನೀಲಿ
ಎರಡನೇ ಸುತ್ತು: ಹಳದಿ, ನೀಲಿ, ಕೆಂಪು, ಬಿಳಿ
ಮೂರನೇ ಸುತ್ತು: ನೀಲಿ, ಬಿಳಿ, ಹಳದಿ, ಕೆಂಪು
ನಾಲ್ಕನೇ ಸುತ್ತು: ಬಿಳಿ, ಕೆಂಪು, ನೀಲಿ, ಹಳದಿ

ಎಲ್ಲರೂ ಎಲ್ಲ ಸ್ಥಾನದಲ್ಲೂ ಒಂದೊಂದು ಸಲ ಆಡುತ್ತಾರೆ. ಅಷ್ಟೇ ಅಲ್ಲ, ಒಬ್ಬೊಬ್ಬರ ಬೆನ್ನಿಗೆ ಉಳಿದ ಮೂವರೂ ಒಂದೊಂದೇ ಸಲ ಬರುತ್ತಾರೆ. ಭಾರಿ ಆಟಗಾರರ ನಂತರ ಯಾವಾಗಲೂ ಒಬ್ಬರೇ ಆಡಬೇಕಾದ ಸಂಕಟ ಇದರಿಂದ ತಪ್ಪುತ್ತದೆ. ಪಟ್ಟಿಯಲ್ಲಿ ಹಸಿರು ಬೇಕೆಂದೇ ಬಿಟ್ಟಿದ್ದು. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದ ಕಣ್ಣಿನವರು ಗಂಡಸರಲ್ಲಿ ಅಪರೂಪವಲ್ಲ. ಅಂಗಿಗೆ ಮಾತ್ರವಲ್ಲ, ಗುಂಡಿ, ದಾರ, ಚೆಂಡು ವಿಂಗಡಿಸುವ ಯಾವ ಸವಾಲಿನಲ್ಲೂ ಆ ಜೋಡಿ ಬೇಡ.

ಕಾಯುವವರು ಆಟ ನೋಡಬಾರದು. ಮಾನಿಟರ್ ಇಲ್ಲದ ಕೋಣೆ, ಫೋನು ಹೊರಗೆ, ಜೊತೆಗೆ ಒಬ್ಬ ಸ್ವಯಂಸೇವಕ. ಕಲ್ಯಾಣ ಮಂಟಪದಲ್ಲಿ ಚಿತ್ರೀಕರಣವಾದರೆ ವೇದಿಕೆಯ ಹಿಂದಿನ ವಧುವಿನ ಕೋಣೆ ಇದಕ್ಕೆ ಆಗುವುದಿಲ್ಲ, ಅಲ್ಲಿಗೆ ಎಲ್ಲ ಕೇಳಿಸುತ್ತದೆ. ಊಟದ ಹಾಲಿನ ಆಚೆಯ ಕೋಣೆ ಹಿಡಿಯಿರಿ. ಪ್ರೇಕ್ಷಕರು "ಎಡಕ್ಕ, ಎಡಕ್ಕ!" ಎಂದು ಒಮ್ಮೆ ಕೂಗಿದ್ದು ಕಿವಿಗೆ ಬಿದ್ದರೆ ಆ ಒಗಟಿನ ಕತೆ ಮುಗಿಯಿತು.

ಹೆಜ್ಜೆ 3: ಮೈಕಟ್ಟು, ಕಸುಬು, ಊರು

82 ಕಿಲೋ ತೂಕದವರಿಗೂ 48 ಕಿಲೋ ತೂಕದವರಿಗೂ ಒಂದೇ 20 ಕಿಲೋ ಜೋಳದ ಚೀಲ ಹೊರಿಸಿದರೆ ಅದು ಸ್ಪರ್ಧೆಯಲ್ಲ. ಹೊರುವ ಸುತ್ತಿಗೆ ಮೈತೂಕದ ಶೇ. 20 ಇಡಿ: ಒಬ್ಬರಿಗೆ 16.4 ಕಿಲೋ, ಇನ್ನೊಬ್ಬರಿಗೆ 9.6. ಜೋತುಬೀಳುವ ಸರಳಿಗೆ ನಿಂತು ಕೈ ಎತ್ತಿದಾಗ ಮುಟ್ಟುವ ಎತ್ತರದ ಮೇಲೆ 25 ಸೆಂ.ಮೀ. ಹೀಗೆ ಒಂದೆರಡು ಕಡೆ ಸರಿದೂಗಿಸಿ, ಅಲ್ಲಿಗೆ ಬಿಡಿ. ಎಲ್ಲ ಸುತ್ತನ್ನೂ ಎಲ್ಲರ ಅಳತೆಗೆ ಹೊಲಿಯುತ್ತ ಹೋದರೆ ಕೊನೆಗೆ ಉಳಿಯುವುದು ಅದೃಷ್ಟ ಒಂದೇ. ಒಂದು ಸುತ್ತು ಬಲದ್ದು, ಒಂದು ಸಮತೋಲದ್ದು, ಒಂದು ನೆನಪಿನದು, ಒಂದು ಕೈಚಳಕದ್ದು ಎಂದು ಹಂಚುವುದೇ ಮೇಲು. ಒಂದರಲ್ಲಿ ಹಿಂದೆ ಬಿದ್ದವರು ಇನ್ನೊಂದರಲ್ಲಿ ಎದ್ದು ಬರಲಿ.

ಊರಿನ ಸೊಗಡು ತರಬೇಕೆಂಬ ಹುರುಪಿನಲ್ಲಿ ಬೀಳುವ ಹಳ್ಳ ಬೇರೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಅರವತ್ತು ಕಾಯಿ ಸುರಿದು ವಿಂಗಡಿಸಲು ಹೇಳಿದರೆ ಕ್ಯಾಮೆರಾಕ್ಕೆ ಬಲು ಚೆಂದ. ಆದರೆ ಬ್ಯಾಡಗಿ ಮಾರುಕಟ್ಟೆಯ ನಂಟಿರುವ ಮನೆಯವರು ಕಣ್ಣು ಮುಚ್ಚಿ ಮುಗಿಸುತ್ತಾರೆ, ಧಾರವಾಡದ ಹಾಸ್ಟೆಲ್ ಹುಡುಗಿ ಸೀನುತ್ತ ಕೂರುತ್ತಾಳೆ. ಕಾಲು ಕಿಲೋ ಫೇಡೆಯನ್ನು ತಕ್ಕಡಿಯಿಲ್ಲದೆ ತೂಗುವ ಆಟವೂ ಹಾಗೇ, ಮಿಠಾಯಿ ಅಂಗಡಿಯಲ್ಲಿ ಕುಳಿತವರಿಗೆ ಅದು ದಿನದ ಕೆಲಸ. ರೊಟ್ಟಿ ಬಡಿಯುವುದರ ಬಗ್ಗೆ ಹೇಳುವುದೇ ಬೇಡ. ಒಂದು ಕಸುಬು ಗೊತ್ತಿದ್ದರೆ ಅರ್ಧ ಸಮಯ ಉಳಿಯುವ ಸವಾಲನ್ನು ಕೈಬಿಡಿ, ಇಲ್ಲವೇ ಆ ಸಾಮಾನಿನಿಂದ ಯಾರೂ ಎಂದೂ ಮಾಡದ ಕೆಲಸ ಮಾಡಿಸಿ.

ಹೆಜ್ಜೆ 4: ಒಂದು ಸವಾಲನ್ನು ಕಟ್ಟಿ ನೋಡೋಣ, ತಂಬಿಗೆ-ಹಲಗೆ

ಆಟ ಸರಳ. ಒಂದು ತುದಿಯ ಡ್ರಮ್ಮಿನಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು, ಹಲಗೆಯ ಮೇಲೆ ನಡೆದು, ಇನ್ನೊಂದು ತುದಿಯ ಬಕೆಟ್ಟಿಗೆ ಹಾಕಬೇಕು. 3 ನಿಮಿಷ. ಹೆಚ್ಚು ನೀರು ತಂದವರು ಗೆದ್ದಂತೆ.

ಬೇಕಾದದ್ದು: 3 ಮೀಟರ್ ಉದ್ದ, 20 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪದ ಹಲಗೆ, ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ. ಎರಡು ತುದಿಗೆ ಆಧಾರ ಕೊಟ್ಟು ಸುಮ್ಮನಾಗಬೇಡಿ. ನಡುವೆ ಮೂರನೆಯದು ಇಲ್ಲದಿದ್ದರೆ ತೂಕದವರ ಕಾಲ ಕೆಳಗೆ ಹಲಗೆ ಬಾಗಿ ಪುಟಿಯುತ್ತದೆ, ಹಗುರಾದವರ ಕೆಳಗೆ ಬಾಗುವುದಿಲ್ಲ. ಅಲ್ಲಿಗೆ ಇಬ್ಬರಿಗೆ ಎರಡು ಹಲಗೆಯಾಯಿತು. 200 ಲೀಟರ್ ಡ್ರಮ್ಮು ಒಂದು, 15 ಲೀಟರ್ ಬಕೆಟ್ಟು ನಾಲ್ಕು, 800 ಮಿ.ಲೀ. ಹಿಡಿಯುವ ಒಂದೇ ಅಚ್ಚಿನ ಸ್ಟೀಲ್ ತಂಬಿಗೆ ನಾಲ್ಕು, 50 ಗ್ರಾಂವರೆಗೆ ತೋರಿಸುವ ಡಿಜಿಟಲ್ ತೂಕದ ಯಂತ್ರ, ಹಲಗೆಯ ಎರಡೂ ಬದಿಗೆ ಹಾಸು, ಮೇಲ್ಮೈಗೆ ಮರಳು-ಹಾಳಿಯಂಥ ಒರಟು ಅಂಟುಪಟ್ಟಿ. ಹಲಗೆಗೆ ಪೇಂಟ್ ಬಳಿಯಬೇಡಿ. ಕಲಾ ನಿರ್ದೇಶಕರು ಎಷ್ಟು ಗೋಗರೆದರೂ ಬೇಡ, ತೊಯ್ದ ಪೇಂಟು ಎಂದರೆ ಸಾಬೂನು.

ಹೋಗಿ ಬರಲು, ತುಂಬಿಕೊಳ್ಳಲು ಸೇರಿ ಒಂದು ಸಲಕ್ಕೆ 13ರಿಂದ 15 ಸೆಕೆಂಡ್ ಹಿಡಿಯುತ್ತದೆ. ಮೂರು ನಿಮಿಷಕ್ಕೆ ಹನ್ನೆರಡು-ಹದಿಮೂರು ಸಲ, ಚೆಲ್ಲಿದ್ದು ಬಿಟ್ಟು 7 ಲೀಟರ್ ಆಜುಬಾಜು ಬರುತ್ತದೆ. ಹಾಗಾಗಿ 15 ಲೀಟರ್ ಬಕೆಟ್ಟು ತುಂಬಿ ಹರಿಯುವ ಭಯವಿಲ್ಲ.

ಇಲ್ಲಿ ಮೂರು ಕಡೆ ಎಡವಟ್ಟಾಗುತ್ತದೆ.

ಮೊದಲನೆಯದು ಡ್ರಮ್ಮಿನ ನೀರು. ನಾಲ್ವರು ಚೆಲ್ಲಿದ್ದೂ ಸೇರಿ ಹತ್ತತ್ತು ಲೀಟರ್ ತೆಗೆದರೆ 40 ಲೀಟರ್ ಹೋಯಿತು. ಡ್ರಮ್ಮಿನ ಎತ್ತರ ಸುಮಾರು 88 ಸೆಂ.ಮೀ. ಇರುವುದರಿಂದ ಮಟ್ಟ ಒಂದು ಗೇಣಿಗೆ ಹತ್ತಿರ ಇಳಿಯುತ್ತದೆ. ಕೊನೆಗೆ ಆಡುವವರು ಪ್ರತಿ ಸಲವೂ ಅಷ್ಟು ಬಗ್ಗಬೇಕು. ಡ್ರಮ್ಮಿನ ಒಳಗೆ ಪೇಂಟಿನಲ್ಲಿ ಗೆರೆ ಹಾಕಿ, ಪ್ರತಿಯೊಬ್ಬರ ಮೊದಲು ಆ ಗೆರೆಯವರೆಗೆ ತುಂಬಿಸಿ. ಪೇಂಟಿಗೆ ಇಷ್ಟೇ ಜಾಗ.

ಎರಡನೆಯದು ಬಕೆಟ್ಟು. ಒಂದೇ ಅಂಗಡಿಯಲ್ಲಿ ತಂದ ಒಂದೇ ಬಕೆಟ್ಟುಗಳೂ ಹತ್ತಾರು ಗ್ರಾಂ ಹೆಚ್ಚುಕಡಿಮೆ ತೂಗುತ್ತವೆ. ಖಾಲಿ ತೂಕವನ್ನು ಮಾರ್ಕರಿನಿಂದ ಅದರ ಮೈಮೇಲೇ ಬರೆಯಿರಿ, ಅದನ್ನು ಕಳೆದು ಅಂಕ ಕೊಡಿ. ನೀರನ್ನು ಗೆರೆ ನೋಡಿ ಅಳೆಯುವುದೇ ಬೇಡ. ಒಂದು ಲೀಟರಿಗೆ ಒಂದು ಕಿಲೋ, ತೂಕ ಸುಳ್ಳು ಹೇಳುವುದಿಲ್ಲ. 100 ಗ್ರಾಮಿಗಿಂತ ಕಡಿಮೆ ಅಂತರವಾದರೆ ಸಮ ಎಂದು ಮೊದಲೇ ಬರೆದಿಡಿ.

ಮೂರನೆಯದಕ್ಕೇ ಜಗಳ ಬರುವುದು. "ಅಲ್ರೀ ಸರ, ಅವರಿಗೆ ಒಣಾ ಹಲಗಿ, ನಮಗ ತೊಯ್ದದ್ದು. ಇದ್ಯಾವ ನ್ಯಾಯ್ರಿ?" ಕೇಳುವವರು ಸರಿಯಾಗಿಯೇ ಕೇಳುತ್ತಾರೆ. ಬಟ್ಟೆಯಿಂದ ಎಷ್ಟು ಒರೆಸಿದರೂ ಮರ ನೀರು ಕುಡಿದಿರುತ್ತದೆ, ಮೂರನೆಯವರ ಹೊತ್ತಿಗೆ ಅದು ಬೇರೆಯೇ ಹಲಗೆ. ಒಣಗಿಸಲು ಹೋಗಬೇಡಿ. ಚಿತ್ರೀಕರಣಕ್ಕೆ ಅರ್ಧ ಗಂಟೆ ಮೊದಲೇ ಹಲಗೆಯನ್ನು ಚೆನ್ನಾಗಿ ತೊಯ್ಯಿಸಿ, ಪ್ರತಿಯೊಬ್ಬರ ಮೊದಲೂ ಎರಡು ತಂಬಿಗೆ ನೀರು ಸುರಿದು ಒಮ್ಮೆ ಒರೆಸಿ ಕೊಡಿ. ಎಲ್ಲರಿಗೂ ಸಮನಾಗಿ ಒಣಗಿಸುವುದು ಆಗದ ಮಾತು, ಸಮನಾಗಿ ತೊಯ್ಯಿಸುವುದು ಎರಡು ನಿಮಿಷದ ಕೆಲಸ. ಬಯಲಿನಲ್ಲಿ ಆಡಿಸುವಾಗಲೂ ಇದೇ ಬುದ್ಧಿ ಬೇಕು. ನಮ್ಮ ಎರೆ ಮಣ್ಣು ಒಂದು ಮಳೆ ಬಿದ್ದರೆ ಕಾಲಿಗೆ ಅಂಟಿ ಚಪ್ಪಲಿ ಎತ್ತಲು ಬಿಡುವುದಿಲ್ಲ. ಮೊದಲು ಓಡಿದವರು ತುಳಿದ ಜಾಡು ಆಮೇಲಿನವರಿಗೆ ಕೆಸರೋ ದಾರಿಯೋ ಆಗುತ್ತದೆ. ಓಡುವ ಪಟ್ಟಿಗೆ ಗರಸು ಮಣ್ಣು (ಮರಂ) ಹಾಕಿಸಿ ರೋಲರ್ ಹೊಡೆಸಿ, ಇಲ್ಲವೇ ಒಳಾಂಗಣಕ್ಕೆ ಬನ್ನಿ. ಗದಗಿನ ಕಡೆ ಮಳೆಗಾಲದ ಗಾಳಿಗೆ ಎಸೆಯುವ ಆಟ ಬಯಲಿನಲ್ಲಿ ಇಡಲೇಬೇಡಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ.

ಕಟ್ಟಿದ ಮೇಲೆ ಎಂಟು ಮಂದಿಯಿಂದ ಎರಡೆರಡು ಸಲ ಆಡಿಸಿ. ತಂಡಕ್ಕೆ ಸಂಬಂಧವಿಲ್ಲದವರಾಗಿರಬೇಕು, ಬಡಿಗರು ಮತ್ತು ಲೈಟ್ ಹುಡುಗರು ಬೇಡ, ಅವರು ಕಟ್ಟುವಾಗಲೇ ಹತ್ತು ಸಲ ನಡೆದಿರುತ್ತಾರೆ. ಎರಡನೇ ಸಲದ ಸರಾಸರಿ ಮೊದಲಿಗಿಂತ ಶೇ. 15ಕ್ಕೂ ಮೇಲೆ ಏರಿದರೆ ಇದು ರೂಢಿಯಿಂದ ಗೆಲ್ಲುವ ಆಟ. ಮರುಜೀವ ಪಡೆದ ಷೋಗಳಿಗೆ ಇದೇ ದೊಡ್ಡ ಕಂಟಕ. ಹಳೆಯ ಕಂತು ನೋಡಿ ಹಿತ್ತಲಲ್ಲಿ ಹಲಗೆ ಹಾಕಿಕೊಂಡು ಬಂದವರು ಮೊದಲೇ ಮುಂದಿರುತ್ತಾರೆ. ಪರಿಹಾರ ಅಗ್ಗದ್ದು: ಎಲ್ಲರಿಗೂ ಕ್ಯಾಮೆರಾ ಇಲ್ಲದೆ ಒಂದು ಪೂರ್ತಿ ತಾಲೀಮು ಕೊಡಿ. ಗುರಿ ಮುಟ್ಟಿದರೆ ಗೆಲುವು, ಇಲ್ಲವಾದರೆ ಸೋಲು ಎಂಬ ಬಗೆಯ ಸವಾಲಾದರೆ ಪರೀಕ್ಷೆಯಲ್ಲಿ ಹತ್ತರಲ್ಲಿ ನಾಲ್ಕರಿಂದ ಏಳು ಸಲ ಗುರಿ ಮುಟ್ಟುವಂತೆ ಸಮಯ ಹೊಂದಿಸಿ. ಎಲ್ಲರೂ ಗೆದ್ದರೆ ನೋಡುವವರಿಗೆ ಆಕಳಿಕೆ, ಯಾರೂ ಗೆಲ್ಲದಿದ್ದರೆ ಸಿಟ್ಟು.

ಹೆಜ್ಜೆ 5: ಪ್ರಶ್ನೆಗಳು

ಹಳೆಯ ಷೋದ ಪ್ರಶ್ನೆ ಪೆಟ್ಟಿಗೆ ಸಿಕ್ಕರೆ ಖುಷಿಪಡಬೇಡಿ, ಅದರಲ್ಲಿ ಅರ್ಧ ಕೊಳೆತಿರುತ್ತದೆ. 1997ಕ್ಕೆ ಮೊದಲಿನ ಪ್ರಶ್ನೆಗಳಲ್ಲಿ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯ ತಾಲೂಕುಗಳು. ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಂದರೆ ಹಳೆಯ ಉತ್ತರ ಗೋರಖಪುರ. 2023ರ ಮಾರ್ಚ್‌ನಿಂದ ಅದು ನಮ್ಮ ಹುಬ್ಬಳ್ಳಿಯದೇ, 1,507 ಮೀಟರ್. ಇಂಥ ಪ್ರಶ್ನೆಯನ್ನು ಹುಬ್ಬಳ್ಳಿಯಲ್ಲೇ ತಪ್ಪಾಗಿ ಕೇಳಿದರೆ ಆ ಕಂತು ಬಹಳ ದಿನ ಓಡುತ್ತದೆ, ನೀವು ಬಯಸಿದ ಕಾರಣಕ್ಕಲ್ಲ. ಪ್ರತಿ ಪ್ರಶ್ನೆಯ ಪಕ್ಕ ಉತ್ತರ ಪರಿಶೀಲಿಸಿದ ತಾರೀಖು ಬರೆಯಿರಿ.

ಇನ್ನು ಪದಗಳ ಬಲೆ. "ಧಾರವಾಡದ ಜ್ಞಾನಪೀಠ ಪುರಸ್ಕೃತರು ಯಾರು?" ಎಂದು ಕೇಳಿದರೆ ಉತ್ತರ ಒಂದಲ್ಲ. ಬೇಂದ್ರೆ ಹುಟ್ಟಿದ್ದೇ ಧಾರವಾಡದಲ್ಲಿ. ಗೋಕಾಕರು ಹುಟ್ಟಿದ್ದು ಈಗಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಕಾರ್ನಾಡರು ಹುಟ್ಟಿದ್ದು ಮಾಥೇರಾನಿನಲ್ಲಿ, ಓದಿದ್ದು ಧಾರವಾಡದಲ್ಲಿ. ಹುಟ್ಟು ಕೇಳುತ್ತೀರೋ, ಓದು ಕೇಳುತ್ತೀರೋ, ವಾಸ ಕೇಳುತ್ತೀರೋ ಪ್ರಶ್ನೆಯಲ್ಲೇ ಇರಬೇಕು. ಗಂಗೂಬಾಯಿ ಹಾನಗಲ್ಲರ ಹುಟ್ಟೂರು ಕೇಳಿದರೆ ಹೆಸರು ನೋಡಿ ಹಾನಗಲ್ ಎನ್ನುವವರೇ ಹೆಚ್ಚು. ಅವರು ಹುಟ್ಟಿದ್ದು ಧಾರವಾಡದಲ್ಲಿ. ಇದು ಒಳ್ಳೆಯ ಪ್ರಶ್ನೆ, ಏಕೆಂದರೆ ತಪ್ಪಿದವರಿಗೆ ಎಲ್ಲಿ ತಪ್ಪಿದೆವೆಂದು ಆ ಕ್ಷಣವೇ ಹೊಳೆಯುತ್ತದೆ. "ಏಷ್ಯಾದ ಮೊದಲ", "ಜಗತ್ತಿನ ಏಕೈಕ" ಎಂಬ ವಿಶೇಷಣಗಳನ್ನು ಕಿತ್ತುಹಾಕಿ. ಗದಗ ಜಿಲ್ಲೆಯಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ಹಳ್ಳಿ ಯಾವುದು ಎಂದರೆ ಕಣಗಿನಹಾಳ ಎಂಬ ಉತ್ತರ ಯಾರೂ ಅಲ್ಲಾಡಿಸಲಾಗದಂತೆ ನಿಲ್ಲುತ್ತದೆ.

ಬೆಂಗಳೂರಿನಲ್ಲಿ ಬರೆದ ಪ್ರಶ್ನೆಗಳನ್ನು ಇಲ್ಲಿಯವರು ಒಬ್ಬರು ಓದಲೇಬೇಕು. ಅಲ್ಲಿಯ ಕಡಲೆಬೀಜ ಇಲ್ಲಿ ಶೇಂಗಾ, ಇಲ್ಲಿ ಕಡಲಿ ಎಂದರೆ ಬೇರೆಯೇ ಕಾಳು. ಅಲ್ಲಿ ಪುಟಾಣಿ ಎಂದರೆ ಕೂಸು, ಇಲ್ಲಿ ಚುರುಮುರಿಗೆ ಹಾಕುವ ಹುರಿಗಡಲೆ. ಒಪ್ಪುವ ಉತ್ತರಗಳ ಪಟ್ಟಿಯಲ್ಲಿ ಉಳ್ಳಾಗಡ್ಡಿ, ಈರುಳ್ಳಿ ಎರಡನ್ನೂ ಬರೆದಿಡಿ. ನಿರೂಪಕರು ವೇದಿಕೆಯ ಮೇಲೆ ಯೋಚಿಸುವಂತಾಗಬಾರದು.

ವೇಗದ ಪ್ರಶ್ನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹತ್ತು ಮಂದಿಯನ್ನು ಕೂರಿಸಿ ನಾಲ್ಕು ಆಯ್ಕೆಯ ಸಾದಾ ಪ್ರಶ್ನೆ ಕೇಳಿ, ಮೊದಲು ಒತ್ತಿದ ಸರಿ ಉತ್ತರಕ್ಕೆ ಗೆಲುವು ಎಂದಿಟ್ಟುಕೊಳ್ಳಿ. ಹತ್ತೂ ಮಂದಿ ಕಣ್ಣುಮುಚ್ಚಿ ಒತ್ತಿದರೂ ಯಾರಾದರೊಬ್ಬರಿಗೆ ಸರಿ ಬೀಳುವ ಸಂಭವ ನೂರಕ್ಕೆ 94. ಓದದೇ ಒತ್ತುವವರೇ ಮುಂದೆ ಹೋಗುತ್ತಾರೆ. ಕೌನ್ ಬನೇಗಾ ಕರೋಡ್‌ಪತಿ, ಕನ್ನಡದ ಕೋಟ್ಯಧಿಪತಿಗಳಲ್ಲಿ ಕಂಡಂತೆ ನಾಲ್ಕನ್ನೂ ಕ್ರಮವಾಗಿ ಜೋಡಿಸಲು ಹೇಳಿದರೆ ಸಾಧ್ಯವಿರುವ ಜೋಡಣೆ 24. ಕಣ್ಣುಮುಚ್ಚಿ ಒತ್ತಿದ ಹತ್ತು ಮಂದಿಯಲ್ಲಿ ಒಬ್ಬರಿಗಾದರೂ ಸರಿಯಾಗುವ ಸಂಭವ ನೂರಕ್ಕೆ 35ಕ್ಕೆ ಇಳಿಯುತ್ತದೆ. ಜೋಡಿಸುವ ಪ್ರಶ್ನೆ ಬರೆಯುವುದು ಕಷ್ಟ, ಆದರೆ ವೇಗಕ್ಕೆ ಬೆಲೆ ಇರುವ ಕಡೆ ಅದೇ ಬೇಕು.

ಹೆಜ್ಜೆ 6: ಬಜರ್ ಮತ್ತು ಗಡಿಯಾರ

ಬಜರ್ ತಂತಿಯದೇ ಇರಲಿ. ಬ್ಲೂಟೂತ್ ಗುಂಡಿಗಳು ನಡುವೆ ನಿದ್ದೆಗೆ ಜಾರಿ ಮೊದಲ ಒತ್ತಿಗೆ ಎಚ್ಚರವಾಗುತ್ತವೆ, ಎರಡನೆಯದಕ್ಕೆ ಉತ್ತರ ಕೊಡುತ್ತವೆ. ಪರೀಕ್ಷೆ ಹೀಗೆ: ಎರಡು ಬಜರ್ ಪಕ್ಕಪಕ್ಕ ಇಟ್ಟು, ಅಗಲವಾದ ಮರದ ಅಳತೆಪಟ್ಟಿಯಿಂದ ಎರಡನ್ನೂ ಒಟ್ಟಿಗೆ 50 ಸಲ ಒತ್ತಿ. 25 ಸಲ ಒತ್ತಿದ ಮೇಲೆ ಬಜರ್‌ಗಳ ಜಾಗ ಅದಲುಬದಲು ಮಾಡಿ, ಇಲ್ಲವಾದರೆ ನಿಮ್ಮ ಕೈಯ ಓರೆಯನ್ನೇ ಅಳೆದಂತಾಗುತ್ತದೆ. ಒಂದೊಂದಕ್ಕೆ 18ರಿಂದ 32ರವರೆಗೆ ಬಂದರೆ ಸರಿ. ಅದರಾಚೆ ಹೋದರೆ ಸ್ಪ್ರಿಂಗ್, ಬೆಸುಗೆ, ಪ್ರೋಗ್ರಾಂ ಮೂರನ್ನೂ ನೋಡಿ. ಕರೆಂಟ್ ಹೋದಾಗ ಬಜರ್ ಪೆಟ್ಟಿಗೆ ತಾನಾಗಿ ಶೂನ್ಯಕ್ಕೆ ಬರದಂತೆ ಅದನ್ನು ಯುಪಿಎಸ್‌ಗೆ ಜೋಡಿಸಿ, ಲೈಟುಗಳು ಜನರೇಟರ್ ಮೇಲೆ ಇದ್ದರೂ ಸರಿ.

ಕೈಯಿಂದ ಒತ್ತುವ ಸ್ಟಾಪ್‌ವಾಚಿನ ಅಂಕಿಗೆ ಮೋಸಹೋಗಬೇಡಿ. ಮೊಬೈಲ್ ಸ್ಟಾಪ್‌ವಾಚ್ 41.37 ಎಂದು ತೋರಿಸಿದರೂ ಒತ್ತುವ ಬೆರಳಿಗೇ 0.2 ಸೆಕೆಂಡ್ ಬೇಕು. ಅಥ್ಲೆಟಿಕ್ಸ್‌ನಲ್ಲಿ ಇಂಥ ಗಡಿಯಾರ ಮೂರಿದ್ದರೆ ನಡುವಿನದು, ಎರಡಿದ್ದರೆ ಹೆಚ್ಚು ಸಮಯ ತೋರಿಸಿದ್ದು ಲೆಕ್ಕಕ್ಕೆ. ಅದೇ ನಿಯಮ ಹಿಡಿಯಿರಿ, ಹತ್ತನೇ ಒಂದಕ್ಕಿಂತ ಸಣ್ಣ ಅಂಕಿ ಪರದೆಯ ಮೇಲೆ ಹಾಕಬೇಡಿ. ಹತ್ತಿರದ ಪೈಪೋಟಿಯನ್ನು ಕ್ಯಾಮೆರಾ ತೀರ್ಮಾನಿಸಲಿ: ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ಫ್ರೇಮಿಗೆ 0.04 ಸೆಕೆಂಡ್. ಒಂದೇ ಫ್ರೇಮಿನಲ್ಲಿ ಇಬ್ಬರೂ ಮುಟ್ಟಿದ್ದರೆ ಸಮ. ಇದಕ್ಕಾಗಿ ಗೆರೆಗೆ ನೇರವಾಗಿ ಒಂದು ಕ್ಯಾಮೆರಾ ಅಲುಗದಂತೆ ನಿಂತಿರಬೇಕು. ಓರೆಯಲ್ಲಿ ನಿಂತ ಕ್ಯಾಮೆರಾ ಹತ್ತಿರದವರನ್ನು ಗೆಲ್ಲಿಸುತ್ತದೆ.

ಹೆಜ್ಜೆ 7: ಅದೃಷ್ಟ ಮತ್ತು ಗುಟ್ಟು

1984ರಲ್ಲಿ ಅಮೆರಿಕದ ಪ್ರೆಸ್ ಯುವರ್ ಲಕ್ ಷೋದಲ್ಲಿ ಮೈಕೆಲ್ ಲಾರ್ಸನ್ ಎಂಬುವರು 1,10,237 ಡಾಲರ್ ಗೆದ್ದರು. ಓಡುವ ದೀಪಗಳು ಬರೀ ಐದೇ ಕ್ರಮದಲ್ಲಿ ಸುತ್ತುತ್ತಿದ್ದವು. ಅವರು ಕಂತುಗಳನ್ನು ರೆಕಾರ್ಡ್ ಮಾಡಿಕೊಂಡು ಆ ಐದನ್ನೂ ಬಾಯಿಪಾಠ ಮಾಡಿದ್ದರು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ, ಹಣ ಕೊಡಬೇಕಾಯಿತು. ಹಳೆಯ ಷೋದ ತಿರುಗುಚಕ್ರ, ದೀಪದ ಹಲಗೆ, ಪೆಟ್ಟಿಗೆಗಳ ಕ್ರಮ ಯಾವುದನ್ನೂ ಹಾಗೇ ತರಬಾರದು ಎನ್ನುವುದು ಇದಕ್ಕೇ. ಚೀಟಿಯಾದರೆ ಮಡಿಕೆಯ ದಪ್ಪ, ಹಾಳಿಯ ಅಂಚು ಕೈಗೆ ತಿಳಿಯುತ್ತದೆ, ಕೊನೆಗೆ ಹಾಕಿದ್ದು ಮೇಲೇ ಉಳಿಯುತ್ತದೆ. ಒಂದೇ ತೂಕದ ಟೇಬಲ್ ಟೆನಿಸ್ ಚೆಂಡುಗಳ ಮೇಲೆ ಅಂಕಿ ಬರೆದು, ಕುತ್ತಿಗೆ ಸಣ್ಣಗಿರುವ ಕೊಡದಲ್ಲಿ ಹಾಕಿ ಕುಲುಕಿ, ಪ್ರೇಕ್ಷಕರಲ್ಲಿ ಒಬ್ಬರಿಂದ ಎತ್ತಿಸಿ. ಅದೃಷ್ಟದ ಪಾಲು ಒಟ್ಟು ಅಂಕದ ಹತ್ತನೇ ಒಂದನ್ನು ಮೀರದಿರಲಿ.

ಗುಟ್ಟಿನ ಮಾತಿಗೆ ಬಂದರೆ 1956ರ ಅಮೆರಿಕದ ಕ್ವಿಜ್ ಷೋ ಟ್ವೆಂಟಿ-ಒನ್ ಅನ್ನು ಯಾರೂ ಮರೆಯಬಾರದು. ಸ್ಪರ್ಧಿ ಹರ್ಬರ್ಟ್ ಸ್ಟೆಂಪೆಲ್ ಬೇಕೆಂದೇ ಸೋಲುವಂತೆ ನಿರ್ಮಾಪಕರೇ ಹೇಳಿದ್ದರು, ಎದುರಾಳಿ ಚಾರ್ಲ್ಸ್ ವ್ಯಾನ್ ಡೋರೆನ್‌ಗೆ ಉತ್ತರಗಳು ಮೊದಲೇ ಸಿಕ್ಕಿದ್ದವು. 1959ರಲ್ಲಿ ವ್ಯಾನ್ ಡೋರೆನ್ ತಪ್ಪೊಪ್ಪಿಕೊಂಡರು, 1960ರಲ್ಲಿ ಅಲ್ಲಿ ಇಂಥ ಮೋಸ ಕಾನೂನುಬಾಹಿರವಾಯಿತು. ಪ್ರಶ್ನೆ ಬರೆಯುವವರು, ಸ್ಪರ್ಧಿಗಳನ್ನು ಆರಿಸುವವರು ಬೇರೆ ಬೇರೆ ಇರಬೇಕು, ಚಿತ್ರೀಕರಣದ ದಿನ ಇಬ್ಬರೂ ಒಂದೇ ಮೇಜಿಗೆ ಚಹಾ ಕುಡಿಯಬಾರದು. ಪ್ರತಿ ಸುತ್ತಿಗೆ ಮೂರು ಮೊಹರು ಹಾಕಿದ ಲಕೋಟೆ ತಯಾರಿಸಿ, ಯಾವುದನ್ನು ಒಡೆಯಬೇಕೆಂದು ವೇದಿಕೆಯ ಮೇಲೆ ಚೆಂಡು ಎತ್ತಿ ತೀರ್ಮಾನಿಸಿ. ಬ್ರಿಟನ್ನಿನ ಕೋಟ್ಯಧಿಪತಿ ಷೋದಲ್ಲಿ 2001ರಲ್ಲಿ ಚಾರ್ಲ್ಸ್ ಇಂಗ್ರಾಮ್ ಅವರಿಗೆ ಕೆಮ್ಮಿನ ಮೂಲಕ ಸುಳಿವು ಹೋಯಿತೆಂದು 2003ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಸ್ಪರ್ಧಿಗಳ ಬಳಗವನ್ನು ಅವರ ಬೆನ್ನ ಹಿಂದೆ ಕೂರಿಸಿ, ಮುಖ ಕಾಣದಂತೆ. ಚಪ್ಪಾಳೆಗೆ ಅಡ್ಡಿಯಿಲ್ಲ, ಉತ್ತರ ಹೇಳಿ ಆದ ಮೇಲೆ.

ಹೆಜ್ಜೆ 8: ನಿಯಮ, ದಂಡ, ತಕರಾರು

ಪಂಚಮಿ ಹಬ್ಬದಲ್ಲಿ ನಿಂಬೆಹಣ್ಣು ಒಗೆಯುವ ಜಿದ್ದು ನೋಡಿದವರಿಗೆ ನಿಯಮ ಬರೆಯುವುದು ಹೇಗೆಂದು ಹೇಳಿಕೊಡಬೇಕಿಲ್ಲ. ಇಷ್ಟು ಒಗೆತಕ್ಕೆ ಇಂಥ ಅಗಸಿ (ಊರಬಾಗಿಲು) ಮುಟ್ಟಬೇಕು, ಹಣ್ಣು ಬಿದ್ದ ಜಾಗದಿಂದಲೋ ಉರುಳಿ ನಿಂತ ಜಾಗದಿಂದಲೋ, ಹಣ್ಣು ಒಡೆದರೆ ಏನು, ಎಲ್ಲ ಮೊದಲ ಹಣ್ಣು ಕೈಬಿಡುವ ಮೊದಲೇ ಮಾತಾಗಿರುತ್ತದೆ. ನಿಮ್ಮ ನಿಯಮಾವಳಿಯೂ ಎರಡು ಪುಟದೊಳಗೆ ಅಷ್ಟೇ ಬಿಚ್ಚಾಗಿರಲಿ. ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ, ಒಂದು ಪ್ರತಿ ಅವರ ಕೈಗೆ ಕೊಡಿ.

ದಂಡ ಲಾಭಕ್ಕಿಂತ ದೊಡ್ಡದಿರಬೇಕು. ಬಲೆ ಹತ್ತುವುದನ್ನು ತಪ್ಪಿಸಿದರೆ 6 ಸೆಕೆಂಡ್ ಉಳಿಯುವ ಕಡೆ 5 ಸೆಕೆಂಡ್ ದಂಡ ಇಟ್ಟರೆ ಜಾಣರು ಬಲೆಯ ಹತ್ತಿರವೂ ಸುಳಿಯುವುದಿಲ್ಲ. ಅಂಥಲ್ಲಿ 10 ಇಡಿ. ಗೊತ್ತಿಲ್ಲದೆ ಗೆರೆ ತುಳಿದಂಥದ್ದಕ್ಕೆ 2 ಸೆಕೆಂಡ್ ಸಾಕು.

ತಕರಾರು ಕೇಳಲು ಒಬ್ಬರೇ ಇರಲಿ. ನಿರೂಪಕರೂ ಬೇಡ, ಪ್ರಾಯೋಜಕರೂ ಬೇಡ. ಸುತ್ತು ಮುಗಿದ ಹತ್ತು ನಿಮಿಷದೊಳಗೆ ಹೇಳಿದ್ದನ್ನು ಮಾತ್ರ ಕೇಳಿ, ಸ್ಪರ್ಧಿಯ ಎದುರೇ ಚಿತ್ರ ತಿರುಗಿಸಿ ನೋಡಿ, ತೀರ್ಪನ್ನು ಒಂದು ಸಾಲಿನಲ್ಲಿ ಬರೆದು ಓದಿ. ತಪ್ಪು ನಿಮ್ಮದಾಗಿದ್ದರೆ ಆ ಸುತ್ತನ್ನು ನಾಲ್ವರಿಗೂ ಮತ್ತೆ ಆಡಿಸಿ, ಒಬ್ಬರಿಗೆ ಮಾತ್ರ ಇನ್ನೊಂದು ಅವಕಾಶ ಕೊಡಬೇಡಿ. ಅವರಿಗೆ ರೂಢಿಯ ಲಾಭ, ಉಳಿದವರಿಗೆ ಏನೂ ಇಲ್ಲ. ಕತ್ತರಿಸಿ ಜೋಡಿಸುವಾಗ ಸುತ್ತುಗಳ ಕ್ರಮ ಬದಲಿಸುವುದೂ ಬೇಡ. ಗೋಡೆ ಗಡಿಯಾರ, ಬೆವರಿದ ಅಂಗಿ, ತೊಯ್ದ ಪ್ಯಾಂಟು ಎಲ್ಲವನ್ನೂ ನೋಡುವವರು ಗುರುತಿಸುತ್ತಾರೆ.

ಬಹುಮಾನದ ಮೊತ್ತವನ್ನು ಕೈಗೆ ಬರುವಷ್ಟು ಹೇಳಿ. ಟಿವಿ ಆಟದ ಗೆಲುವಿಗೆ ಶೇ. 30 ಆದಾಯ ತೆರಿಗೆ, ₹10,000 ಮೀರಿದರೆ ಕೊಡುವವರೇ ಹಿಡಿದುಕೊಂಡು ಕಟ್ಟಬೇಕು. ಪರದೆಯ ಮೇಲೆ ₹1,00,000 ಎಂದು ಮಿನುಗಿಸಿ ₹70,000 ಕೊಟ್ಟಾಗ ಗೆದ್ದವರ ಮುಖ ಸೋತವರಂತಾಗುತ್ತದೆ. ಸ್ಕೂಟರು, ಫ್ರಿಜ್ಜಿನಂಥ ವಸ್ತುವಾದರೆ ಅದನ್ನು ಕೈಗೆ ಕೊಡುವ ಮೊದಲೇ ತೆರಿಗೆ ಕಟ್ಟಿರಬೇಕು. ಅದು ಯಾರ ಜೇಬಿನಿಂದ ಎಂಬುದು ಸಹಿ ಹಾಕುವ ಕಾಗದದಲ್ಲೇ ಇರಲಿ. ಚಂದನ ವಾಹಿನಿಯ ಥಟ್ ಅಂತ ಹೇಳಿಯಂತೆ ಪುಸ್ತಕ ಕೊಟ್ಟರೆ ಈ ತಲೆನೋವು ಬಹುಮಟ್ಟಿಗೆ ಇಲ್ಲ, ತಕರಾರಿನ ಕಾವೂ ಅರ್ಧ ಇಳಿಯುತ್ತದೆ.